ಗ್ರಂಥಾಲಯ ವಿಜ್ಞಾನ ವಿಭಾಗಗಳೂ ಆತ್ಮಪರೀಕ್ಷೆಯೂ

ಪರರ ಗುಣದೋಷಗಳನ್ನು ಎಣಿಸುವುದು ಲೋಕಕ್ಕೆ ಸುಲಭ. ತನ್ನ ಗುಣದೋಷಗಳನ್ನು ತಾನೇ ಬರೆದು, ಆ ಬರೆಹವನ್ನು ಪರೀಕ್ಷೆಗೆಂದು ಪರರ ಕೈಗೊಪ್ಪಿಸುವುದು ಕಷ್ಟ. ಇಂದು ಉನ್ನತ ವಿದ್ಯಾಸಂಸ್ಥೆಗಳಿಗೆ ಈ ಕಷ್ಟದ ಕಾರ್ಯವನ್ನು ಕಡ್ಡಾಯವೆಂಬಷ್ಟರ ಮಟ್ಟಿಗೆ ವಹಿಸಲಾಗಿದೆ. ಅದಕ್ಕೆ ಸ್ವಮೌಲ್ಯಮಾಪನವೆಂದು ಹೆಸರು. ಅದರ ಫಲವಾಗಿ ದೊರೆಯುವುದು ಮಾನ್ಯತೆ. ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಶಿಕ್ಷಣದಲ್ಲಿ ಈ ಪದ್ಧತಿ ಹೇಗೆ ನಡೆದುಬಂದಿದೆ, ನಮ್ಮಲ್ಲಿ ಹೇಗೆ ನಡೆಯಬೇಕು ಎಂಬುದು ವಿಚಾರಾರ್ಹ. ಗ್ರಂಥಪಾಲನೆಂದರೆ ಪುಸ್ತಕ ಕೊಟ್ಟು ಹಿಂದಕ್ಕೆ ಪಡೆಯುವ ಗುಮಾಸ್ತನೆಂಬ ಭಾವನೆ ವಿದ್ಯಾವಂತರಲ್ಲಿಯೂ ಅಳಿಯದಿರುವ ನಾಡಿನಲ್ಲಿ ಈ ವಿಚಾರಕ್ಕೆ ಇನ್ನಷ್ಟು ತೂಕವುಂಟು.

ಗ್ರಂಥಾಲಯ ಶಿಕ್ಷಣದ ಮಟ್ಟಿಗೆ ಈ ಪದ್ಧತಿಯ ತವರು ಅಮೆರಿಕ. 1887ರಲ್ಲಿ ಮೆಲ್ವಿಲ್ ಡ್ಯೂಯಿಯವರು ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಾಲಯ ಶಾಲೆಯನ್ನು ತೆರೆದರು. ಮೊದಲ ತರಗತಿಗೆ ಸೇರಿದ 20 ಮಂದಿಯಲ್ಲಿ 17 ಮಂದಿ ಸ್ತ್ರೀಯರಾಗಿದ್ದುದು ಅಲ್ಲಿನ ಆಡಳಿತ ಮಂಡಲಿಗೆ ಹಿಡಿಸಲಿಲ್ಲ. ಎರಡೇ ವರ್ಷಗಳಲ್ಲಿ ಶಾಲೆ ಆಲ್ಬನಿ ನಗರಕ್ಕೆ ಸ್ಥಳಾಂತರಗೊಂಡಿತು. ಅನಂತರ ಇಂತಹ ಶಾಲೆಗಳು ಅನೇಕ ಹುಟ್ಟಿದವು. ಇವುಗಳಲ್ಲಿ ಕೆಲವು ನಗರ ಗ್ರಂಥಾಲಯಗಳ ಆಶ್ರಯದಲ್ಲಿ ನಡೆಯುತ್ತಿದ್ದವು. ಕಲಿಸುತ್ತಿದ್ದುದರಲ್ಲಿ ಕೈಕೆಲಸದ ಪಾಲೇ ಹೆಚ್ಚು. ಕಾರ್ನೆಗಿ ನಿಧಿಯ ಪರವಾಗಿ ಸಿ. ಸಿ. ವಿಲಿಯಂಸನ್ನರು ಈ ಶಾಲೆಗಳನ್ನು ಪರಿಶೀಲಿಸಿ ಬರೆದ ವರದಿ 1923ರಲ್ಲಿ ಪ್ರಕಟವಾಯಿತು. ಗುಮಾಸ್ತೆಯ ಕೆಲಸ ಬೇರೆ, ಗ್ರಂಥಪಾಲನ ವೃತ್ತಿ ಬೇರೆ; ವೃತ್ತಿಗೆ ಪದವಿ ಶಿಕ್ಷಣದ ತಳಹದಿ ಬೇಕು; ಅದನ್ನು ಕಲಿಸುವ ಶಾಲೆ ವಿಶ್ವವಿದ್ಯಾನಿಲಯದ ಅಂಗವಾಗಿರಬೇಕು - ಇದು ಅದರ ಸಾರ. ಮರುವರ್ಷವೇ ಅಮೆರಿಕದ ಗ್ರಂಥಾಲಯ ಸಂಘವು ಶಿಕ್ಷಣ ಮಂಡಲಿಯೊಂದನ್ನು ರಚಿಸಿತು. ಇಂದಿನ ಮಾನ್ಯತಾ ಸಮಿತಿ ಆ ಬೇರಿನಿಂದಲೇ ಬೆಳೆದ ಮರ.

ಆ ಸಮಿತಿಯ ಕ್ರಮ ಗಮನಾರ್ಹವಾದುದು. ಸಾಮಾನ್ಯವಾಗಿ ಏಳು ವರ್ಷಗಳಿಗೊಮ್ಮೆ ಪೂರ್ಣ ಪರಿಶೀಲನೆ. ಪರೀಕ್ಷಕರು ಬರುವ ಮೊದಲೇ ವಿಭಾಗವು ತನ್ನ ಸ್ವಾಧ್ಯಯನ ವರದಿಯನ್ನು ಸಿದ್ಧಪಡಿಸಬೇಕು. 2015ರ ಮಾನದಂಡಗಳು ಐದು ಶೀರ್ಷಿಕೆಗಳಲ್ಲಿ ಅಡಗಿವೆ: ಕ್ರಮಬದ್ಧ ಯೋಜನೆ, ಪಠ್ಯಕ್ರಮ, ಅಧ್ಯಾಪಕವರ್ಗ, ವಿದ್ಯಾರ್ಥಿಗಳು, ಆಡಳಿತ ಮತ್ತು ಸಂಪನ್ಮೂಲ. ಇಷ್ಟು ಅಧ್ಯಾಪಕರಿರಬೇಕು, ಇಷ್ಟು ಪುಸ್ತಕಗಳಿರಬೇಕು ಎಂದು ಸಂಖ್ಯೆಯನ್ನು ವಿಧಿಸುವ ಬದಲು, ನಿಮ್ಮ ಧ್ಯೇಯವೇನು, ಅದರಂತೆ ನಡೆದಿದ್ದೀರಾ, ನಡೆದುದಕ್ಕೆ ಸಾಕ್ಷ್ಯವೇನು ಎಂದು ಅವು ಕೇಳುತ್ತವೆ. ಅನಂತರ ಹೊರಗಿನ ವೃತ್ತಿಬಾಂಧವರ ತಂಡ ವರದಿಯನ್ನು ಓದಿ, ಸ್ಥಳಕ್ಕೆ ಬಂದು, ಬರೆದುದು ನಡೆಯಲ್ಲಿ ಇದೆಯೇ ಎಂದು ನೋಡುತ್ತದೆ. ಮಾನ್ಯತೆ ದೊರೆಯಬಹುದು, ಷರತ್ತಿಗೆ ಒಳಪಡಬಹುದು, ಹಿಂತೆಗೆಯಲ್ಪಡಲೂಬಹುದು; ನಿರ್ಣಯವನ್ನು ಬಹಿರಂಗವಾಗಿ ಪ್ರಕಟಿಸುತ್ತಾರೆ.

ಆದರೂ ಮಾನ್ಯತೆಯೆಂಬುದು ರಕ್ಷಾಕವಚವಲ್ಲ. ಗ್ರಂಥಾಲಯ ಶಿಕ್ಷಣದ ಮೂಲಸ್ಥಾನವಾದ ಕೊಲಂಬಿಯಾದ ಶಾಲೆ 1992ರಲ್ಲಿ ಬಾಗಿಲು ಮುಚ್ಚಿತು. 1928ರಲ್ಲಿ ಪಾಠಗಳನ್ನು ಆರಂಭಿಸಿ, ಈ ಶಾಸ್ತ್ರಕ್ಕೆ ಡಾಕ್ಟರೇಟಿನ ಗೌರವವನ್ನು ತಂದುಕೊಟ್ಟ ಷಿಕಾಗೋದ ಶಾಲೆ ಅದಕ್ಕಿಂತ ಮೊದಲೇ ಮುಗಿದಿತ್ತು. ವೃತ್ತಿಬಾಂಧವರು ಮೆಚ್ಚಿದ ಶಾಲೆಯ ಅಗತ್ಯ ತನ್ನದೇ ವಿಶ್ವವಿದ್ಯಾನಿಲಯಕ್ಕೆ ಮನವರಿಕೆಯಾಗದಿದ್ದರೆ ಪ್ರಮಾಣಪತ್ರ ಏನು ಮಾಡೀತು?

ನಮ್ಮ ದೇಶದಲ್ಲಿ ಈ ಶಿಕ್ಷಣಕ್ಕೆ ಶಾಸ್ತ್ರದ ಸ್ವರೂಪ ಕೊಟ್ಟವರು ಎಸ್. ಆರ್. ರಂಗನಾಥನ್ನರು. ಅವರ ಅಧ್ಯಕ್ಷತೆಯಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ನೇಮಿಸಿದ್ದ ಸಮಿತಿ ಭಾರತೀಯ ವಿಶ್ವವಿದ್ಯಾನಿಲಯಗಳ ಗ್ರಂಥಾಲಯ ವಿಜ್ಞಾನ ಬೋಧನೆಯನ್ನು ಕುರಿತು ಸಲ್ಲಿಸಿದ ವರದಿ 1965ರಲ್ಲಿ ಹೊರಬಂದಿತು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ. ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರನ್ನೂ ಸೇರಿಸಿ ಗ್ರಂಥಾಲಯ ವಿಜ್ಞಾನದ ಪೀಠಕ್ಕೆ ಅವರು ಆಧಾರ ಕಲ್ಪಿಸಿದುದನ್ನು ವಿದ್ಯಾದಾನಿಗಳು ಅರಿತಿರುವುದು ಒಳ್ಳೆಯದು. ಕಟ್ಟಡಕ್ಕೆ ಕೊಡುವವರು ಬಹಳ, ಅಧ್ಯಾಪಕನಿಗೆ ಕೊಡುವವರು ವಿರಳ.

1994ರಲ್ಲಿ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು ಸ್ಥಾಪಿತವಾಗಿ, ಬೆಂಗಳೂರೇ ಅದರ ಕೇಂದ್ರಸ್ಥಾನವಾಯಿತು. ಆದರೆ ಪರಿಷತ್ತು ಅಳೆಯುವುದು ಇಡೀ ಸಂಸ್ಥೆಯನ್ನು. ಅಲ್ಲಿ ಗ್ರಂಥಾಲಯ ವಿಜ್ಞಾನ ವಿಭಾಗ ಹಲವರಲ್ಲಿ ಒಬ್ಬ. ಅಮೆರಿಕದಲ್ಲಿರುವಂತೆ ಈ ಶಿಕ್ಷಣವನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿ ಮಾನ್ಯತೆ ನೀಡುವ ವೃತ್ತಿಸಂಘದ ವ್ಯವಸ್ಥೆ ನಮ್ಮಲ್ಲಿ ಬೆಳೆಯಲಿಲ್ಲ. ವಿಚಿತ್ರವೆಂದರೆ, ಸಂಸ್ಥೆಯ ಗ್ರಂಥಾಲಯಕ್ಕೆ ಅಂಕಗಳುಂಟು. ಗ್ರಂಥಪಾಲನನ್ನು ರೂಪಿಸುವ ವಿಭಾಗಕ್ಕೆ ಅದರದೇ ಆದ ಒರೆಗಲ್ಲಿಲ್ಲ. ಅಕ್ಕಸಾಲಿಗನ ಕಸುಬನ್ನು ಬಿಟ್ಟು ಒಡವೆಯನ್ನಷ್ಟೇ ಪರೀಕ್ಷಿಸಿದಂತಾಯಿತು.

ಒರೆಗಲ್ಲು ಇದ್ದರೂ ಸಾಲದು. ಸ್ವಮೌಲ್ಯಮಾಪನದ ಮಾತು ಬಂದೊಡನೆ ವಿಭಾಗಗಳಲ್ಲಿ ಆರಂಭವಾಗುವ ಸಡಗರವನ್ನು ಅಧ್ಯಾಪಕರು ಬಲ್ಲರು. ಗೋಡೆಗೆ ಸುಣ್ಣ, ಕಪಾಟಿಗೆ ಹೊಸ ಬೀಗ, ವರ್ಷಗಟ್ಟಲೆ ನಡೆಯದ ಸಭೆಗಳಿಗೆ ಒಂದೇ ರಾತ್ರಿಯಲ್ಲಿ ನಡಾವಳಿ. ಆತ್ಮಪರೀಕ್ಷೆ ಹೋಗಿ ಆತ್ಮಸ್ತುತಿ ಬರುತ್ತದೆ. ದೌರ್ಬಲ್ಯವೆಂಬ ಅಂಕಣದಲ್ಲಿಯೂ 'ಸ್ಥಳಾವಕಾಶ ಸಾಲದಷ್ಟು ವಿದ್ಯಾರ್ಥಿಗಳು ಬರುತ್ತಿದ್ದಾರೆ' ಎಂಬ ಧಾಟಿಯ ಹೊಗಳಿಕೆ. ಪೂರ್ಣಾವಧಿ ಅಧ್ಯಾಪಕರ ಹುದ್ದೆಗಳು ಖಾಲಿಯಿದ್ದು ಅತಿಥಿ ಉಪನ್ಯಾಸಕರಿಂದ ಪಾಠ ಸಾಗುತ್ತಿದ್ದರೆ, ಅದು 'ಅನುಭವಿ ತಜ್ಞರ ನೆರವು' ಎಂಬ ಹೆಸರು ತಾಳುತ್ತದೆ. ಇದು ಕೆಲವರ ಅಪ್ರಾಮಾಣಿಕತೆಯೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ನಿಜ ಬರೆದವನ ದರ್ಜೆ ಇಳಿದು, ದರ್ಜೆ ಇಳಿದವನ ಅನುದಾನವೂ ಇಳಿಯುವ ವ್ಯವಸ್ಥೆಯಲ್ಲಿ ನಿಜ ಬರೆಯಲು ಯಾರಿಗೆ ಧೈರ್ಯ ಬಂದೀತು? ರೋಗವನ್ನು ಹೇಳಿಕೊಂಡವನಿಗೆ ಮದ್ದು ನಿಲ್ಲಿಸುವ ವೈದ್ಯನ ಮುಂದೆ ರೋಗಿಗಳೆಲ್ಲರೂ ಆರೋಗ್ಯವಂತರೇ.

ಬೇರೆ ವಿಭಾಗಗಳ ಮಾತು ಹೇಗೇ ಇರಲಿ, ಗ್ರಂಥಾಲಯ ವಿಜ್ಞಾನಕ್ಕೆ ಇದು ವಿಶೇಷವಾಗಿ ಹೊಂದದ ನಡತೆ. ಆ ಶಾಸ್ತ್ರ ಕಲಿಸುವುದೇನು? ಯಾವ ಪ್ರತಿ ಮೂಲ, ಯಾವುದು ನಕಲು. ಯಾವ ಮಾಹಿತಿ ನಂಬಲರ್ಹ, ಯಾವುದು ಅಲ್ಲ. ಇಲ್ಲದ ಪುಸ್ತಕವನ್ನು ಸೂಚಿಯಲ್ಲಿ ಇದೆಯೆಂದು ತೋರಿಸುವುದು ಓದುಗನಿಗೆ ಮಾಡುವ ದ್ರೋಹ - ಇವೇ ತಾನೆ? ವರದಿಯೂ ಒಂದು ಸೂಚಿಯೇ. ಅದರಲ್ಲಿ ಇಲ್ಲದ ಗ್ರಂಥವನ್ನು ಸೇರಿಸುವ ಗುರು, ಸೂಚೀಕರಣವನ್ನು ಯಾವ ಮುಖದಿಂದ ಬೋಧಿಸಬೇಕು?

ಅಂಕಣಗಳಲ್ಲಿ ಅಳತೆಗೆ ಸಿಕ್ಕದ ಒಂದು ಸಂಗತಿಯೂ ಇದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರಿನ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗರಿಗಳ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ಗುರುತಿಸಿದವರು ಅಲ್ಲಿನ ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅವರು ಮೂಲವನ್ನು ಅಚ್ಚು ಹಾಕಿಸಿದರು. ಕಟ್ಟನ್ನು ಸ್ವೀಕರಿಸಿ, ಸಂಖ್ಯೆ ಬರೆದು, ಕಪಾಟಿನಲ್ಲಿಟ್ಟಿದ್ದರೂ ದಾಖಲೆಯ ದೃಷ್ಟಿಯಿಂದ ಅವರ ಕರ್ತವ್ಯ ಮುಗಿಯುತ್ತಿತ್ತು. ಕಟ್ಟನ್ನು ಬಿಚ್ಚಿ ಓದುವಂತೆ ಮಾಡಿದ ಲಿಪಿಜ್ಞಾನ, ಭಾಷಾಜ್ಞಾನ, ಕುತೂಹಲ ಇವು ಇಂದಿನ ಯಾವ ನಮೂನೆಯ ಎಷ್ಟನೆಯ ಅಂಕಣಕ್ಕೆ ಸಲ್ಲುತ್ತವೆ? ಗಣಕಯಂತ್ರದ ಪಾಠ ಅವಶ್ಯವೇ. ಆದರೆ ಹಳಗನ್ನಡದ ಒಂದು ಹಸ್ತಪ್ರತಿಯ ಹೆಸರನ್ನೂ ಓದಲಾರದ ಸ್ನಾತಕೋತ್ತರ ಪದವೀಧರನನ್ನು ಕನ್ನಡನಾಡಿನ ವಿಭಾಗವೊಂದು ಹೊರಗೆ ಕಳುಹಿಸುತ್ತಿದ್ದರೆ, ಅದು ಸ್ವಾಧ್ಯಯನದ ಮೊದಲ ಪುಟದಲ್ಲಿಯೇ ಬರಬೇಕಾದ ನಿವೇದನೆ.

ಆದುದರಿಂದ ಗ್ರಂಥಾಲಯ ವಿಜ್ಞಾನ ವಿಭಾಗಗಳು ಮೇಲಿನವರ ಆಜ್ಞೆಗೆ ಕಾಯದೆ ತಮ್ಮದೇ ಸ್ವಾಧ್ಯಯನವನ್ನು ಬರೆಯಲು ತೊಡಗಬಹುದು. ಐದು ವರ್ಷ ಹಿಂದೆ ಹೊರಬಂದ ವಿದ್ಯಾರ್ಥಿಗಳನ್ನು ಕರೆದು, ಯಾವ ಪಾಠ ಉಪಯೋಗಕ್ಕೆ ಬಂದಿತು, ಯಾವುದು ಬರಲಿಲ್ಲ ಎಂದು ಕೇಳಬಹುದು. ಅವರನ್ನು ಕೆಲಸಕ್ಕೆ ಸೇರಿಸಿಕೊಂಡ ಶಾಲಾ ಕಾಲೇಜುಗಳ ಮುಖ್ಯಸ್ಥರನ್ನೂ, ಆ ಗ್ರಂಥಾಲಯಗಳ ಓದುಗರನ್ನೂ ವಿಚಾರಿಸಬಹುದು. ಪರೀಕ್ಷಕರಲ್ಲಿ ಒಬ್ಬರಾದರೂ ಹಳ್ಳಿಯ ಪ್ರೌಢಶಾಲೆಯ ಪುಸ್ತಕ ಭಂಡಾರವನ್ನು ಕೈಯಾರೆ ನಡೆಸಿದವರಿರಲಿ. ದೊರೆತ ಉತ್ತರಗಳನ್ನು ತಿದ್ದದೆ ಅಚ್ಚು ಹಾಕಿಸಿ, ವಿಭಾಗದ ಬಾಗಿಲಲ್ಲಿಯೇ ಯಾರು ಬೇಕಾದರೂ ಓದುವಂತೆ ಇರಿಸಲಿ. ಹಾಗೆ ನಿಜವನ್ನು ಬರೆದ ವಿಭಾಗಕ್ಕೆ ಒಂದು ದರ್ಜೆ ಕಡಿಮೆ ಬಂದರೆ, ಆ ವರ್ಷ ವಿಶ್ವವಿದ್ಯಾನಿಲಯದ ಆಡಳಿತ ಮಾಡಬೇಕಾದುದು ಅನುದಾನದ ಕಡಿತವನ್ನಲ್ಲ, ಖಾಲಿಯಿರುವ ಅಧ್ಯಾಪಕರ ಹುದ್ದೆಗಳ ಭರ್ತಿಯನ್ನು.