ಡಿಸ್ಟ್ರಿಬ್ಯೂಟರ್ ತಿರುಗಿಸಿ ಎಷ್ಟು ದಿನ ಓಡಿಸ್ತೀರಿ?

ಮೆಕ್ಯಾನಿಕಲ್ ಓದೋ ನಮಗೆ ವಾಲ್ವ್ ಟೈಮಿಂಗ್ ಡಯಾಗ್ರಾಂ ಬರೆಯೋಕೆ ಬರ್ತದ. ಹತ್ತು ಮಾರ್ಕ್ಸ್ ಬಂದ್ರೆ ಹತ್ತಕ್ಕೆ ಹತ್ತೂ ತಗೋತೀವಿ. ಆದರೆ ಆ ಡಯಾಗ್ರಾಂನ ನಿಜ ಮಾಡೋ ಟೈಮಿಂಗ್ ಚೈನನ್ನ ಕೈಯಲ್ಲಿ ಹಿಡಿದವರು ಕ್ಲಾಸಿನಲ್ಲಿ ಎಷ್ಟು ಮಂದಿ? ನಮ್ಮ ಲ್ಯಾಬಿಗೆ ಒಂದು ಹಳೇ ಅಂಬಾಸಡರ್ ಎಂಜಿನ್ ಬರಬೇಕು, ಅದರ ಚೈನನ್ನ ನಾವೇ ಬಿಚ್ಚಿ ಹಾಕಬೇಕು. ನನ್ನ ವಾದ ಇಷ್ಟೇ.

ಅಂಬಾಸಡರೇ ಯಾಕೆ? 2014ರಲ್ಲಿ ಉತ್ಪಾದನೆ ನಿಂತ ಕಾರು ಅದು. ಆದರೆ ಅದರ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ ತೆರೆದ ಪುಸ್ತಕ ಇದ್ದಂಗ. ಬ್ಲಾಕಿನೊಳಗೆ ಒಂದೇ ಕ್ಯಾಮ್‌ಶಾಫ್ಟ್, ಮುಂದೆ ಒಂದು ಸಣ್ಣ, ಒಂದು ದೊಡ್ಡ ಸ್ಪ್ರಾಕೆಟ್, ನಡುವೆ ಚೈನು. ಕ್ರಾಂಕ್ ಎರಡು ಸುತ್ತು ತಿರುಗಿದ್ರೆ ಕ್ಯಾಮ್ ಒಂದು ಸುತ್ತು. ಮಾರುತಿಯ ಕೆ ಸರಣಿ ಎಂಜಿನ್‌ನಲ್ಲೂ ಚೈನೇ ಇದೆ. ಹಾಗಾಗಿ 'ಇದು ಮ್ಯೂಸಿಯಂ ವಿಷಯ' ಅನ್ನೋ ಮಾತು ನಾನು ಒಪ್ಪಲ್ಲ.

ಹುಮನಾಬಾದ್ ಕಡೆ ಒಬ್ಬ ಮಿಸ್ತ್ರಿ ಕಾಕಾ ಎಂಜಿನ್ ಸದ್ದು ಕೇಳೇ ಹೇಳಿದ್ರು, "ಚೈನ್ ಢೀಲಾ ಆಗ್ಯದ, ನೋಡು." ನಾವು ಇದಕ್ಕೆ ಎಲಾಂಗೇಷನ್ ಅಂತೀವಿ. ಹೆಸರು ದೊಡ್ಡದು, ವಿಷಯ ಸರಳ. ಲೋಹ ರಬ್ಬರಿನಂಗ ಹಿಗ್ಗೋದಿಲ್ಲ. ಒಂದೊಂದು ಪಿನ್ನೂ ಬುಷ್ಷೂ ಚೂರು ಚೂರು ಸವೆದು ಒಟ್ಟು ಉದ್ದ ಬೆಳೀತದ. ಆಗ ಕ್ಯಾಮ್ ಕ್ರಾಂಕಿಗಿಂತ ಹಿಂದೆ ಬೀಳ್ತದ, ವಾಲ್ವ್ ತಡವಾಗಿ ತೆರೆದು ತಡವಾಗಿ ಮುಚ್ಚತದ. ಡಿಸ್ಟ್ರಿಬ್ಯೂಟರ್ ತಿರುಗೋದೂ ಕ್ಯಾಮ್‌ನಿಂದಲೇ, ಹಾಗಾಗಿ ಸ್ಪಾರ್ಕೂ ತಡ.

ಇಲ್ಲೇ ನನಗೆ ಸಿಟ್ಟು ಬರೋದು. ಕೆಲವು ಕಡೆ ಡಿಸ್ಟ್ರಿಬ್ಯೂಟರ್ ಬಾಡಿಯನ್ನ ಸ್ವಲ್ಪ ತಿರುಗಿಸಿ ಗಾಡಿ ಕಳಿಸಿಬಿಡ್ತಾರೆ. ಸ್ಪಾರ್ಕ್ ಸರಿಯಾಗ್ತದ, ಪಿಕಪ್ ಬಂದಂಗ ಅನಿಸ್ತದ, ಗಿರಾಕಿ ಖುಷಿ. ವಾಲ್ವ್ ಮಾತ್ರ ಇನ್ನೂ ತಡವೇ. ಚೈನು ಸವೆಯೋದೂ ನಿಲ್ಲಲ್ಲ. ಕೊನೆಗೆ ಹಲ್ಲು ಹಾರಿದ್ರೆ? ಸಣ್ಣ ಸ್ಪ್ರಾಕೆಟ್ಟಿಗೆ 20 ಹಲ್ಲು ಅಂತ ಇಟ್ಕೊಳ್ರಿ, ಒಂದು ಹಲ್ಲು ಅಂದ್ರೆ ಕ್ರಾಂಕಿನ 18 ಡಿಗ್ರಿ. ಅಷ್ಟರಲ್ಲಿ ಗಾಡಿ ರಸ್ತೆ ಮೇಲೆ ನಿಲ್ತದ, ಟ್ಯಾಕ್ಸಿಯವನ ಅವತ್ತಿನ ದುಡಿಮೆ ಹೋಗ್ತದ.

ಕವರ್ ಬಿಚ್ಚದೇನೇ ಇದನ್ನ ಪರೀಕ್ಷೆ ಮಾಡಬಹುದು. ಬ್ಯಾಟರಿ ಟರ್ಮಿನಲ್ ತೆಗೆದು, ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ, ಕ್ರಾಂಕ್ ಪುಲ್ಲಿಯನ್ನ ಕೈಯಿಂದ ಒಂದು ಕಡೆ ತಿರುಗಿಸಿ ನಿಲ್ಲಿಸ್ರಿ. ಈಗ ನಿಧಾನಕ್ಕೆ ಉಲ್ಟಾ ತಿರುಗಿಸ್ರಿ. ರೋಟರ್ ಅಲುಗಾಡೋ ತನಕ ಪುಲ್ಲಿ ಎಷ್ಟು ಡಿಗ್ರಿ ಖಾಲಿ ತಿರುಗ್ತು, ಅಷ್ಟು ಸಡಿಲ. (ಡಿಸ್ಟ್ರಿಬ್ಯೂಟರ್ ಗೇರಿನ ಸಡಿಲವೂ ಅದರಲ್ಲೇ ಸೇರಿರ್ತದ, ಮರೀಬ್ಯಾಡ್ರಿ.) ಒಂದು ಪ್ರೊಟ್ರಾಕ್ಟರ್ ಸಾಕು. ಇದಕ್ಕಿಂತ ಅಗ್ಗದ ಪ್ರಾಕ್ಟಿಕಲ್ ನಮ್ಮ ಸಿಲೆಬಸ್ಸಿನಲ್ಲಿ ಯಾವುದಿದೆ?

ಬದಲಿಸೋದು ಮಾತ್ರ ಪೂರ್ತಿ ಒಂದು ದಿನದ ಕೆಲಸ. ರೇಡಿಯೇಟರ್, ಫ್ಯಾನ್ ಬೆಲ್ಟ್, ಪುಲ್ಲಿ, ಆಮೇಲೆ ಕವರ್. ಮೊದಲನೇ ಪಿಸ್ಟನ್ ಮೇಲಕ್ಕೆ ತಂದು, ಎರಡು ಸ್ಪ್ರಾಕೆಟ್ಟಿನ ಚುಕ್ಕೆಗಳು ಎದುರುಬದುರು ಬಂದ ಮೇಲೆ ಚೈನ್ ಸಮೇತ ಎರಡನ್ನೂ ಒಟ್ಟಿಗೆ ಹೊರಗೆ ಎಳೀಬೇಕು. ರೊಕ್ಕ ಉಳಿಸೋಕೆ ಹಳೇ ಸ್ಪ್ರಾಕೆಟ್ಟಿಗೆ ಹೊಸ ಚೈನ್ ಹಾಕೋರಿದ್ದಾರೆ. ಸವೆದ ಹಲ್ಲು ಹೊಸ ಚೈನನ್ನೂ ಬೇಗ ತಿಂದುಬಿಡ್ತದ. ಸ್ಪ್ರಾಕೆಟ್, ಟೆನ್ಷನರ್, ಕವರಿನ ಆಯಿಲ್ ಸೀಲ್, ಎಲ್ಲಾ ಒಟ್ಟಿಗೇ ಆಗಬೇಕು. ಎರಡು ಸ್ಪ್ರಾಕೆಟ್ ಒಂದೇ ಸಾಲಿನಲ್ಲಿವೆಯಾ ಅಂತ ನೇರ ಪಟ್ಟಿ ಇಟ್ಟು ನೋಡಬೇಕು. ಕವರಿನ ಬೋಲ್ಟ್ ಬಿಗಿಯೋ ಮುಂಚೆ ಪುಲ್ಲಿ ತೂರಿಸಿದ್ರೆ ಸೀಲ್ ತಾನೇ ನಡುವಿಗೆ ಬರ್ತದ, ಇಲ್ಲಾಂದ್ರೆ ಎಣ್ಣಿ ಸೋರ್ತದ. ಯಾವ ಪಿಪಿಟಿಯಲ್ಲೂ ನಾನು ಈ ಮಾತು ನೋಡಿಲ್ಲ.

ಬಸವಕಲ್ಯಾಣದ ನೆಲದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಅಂತ ಕೆಲಸದ ಹೆಸರಿನಿಂದಲೇ ಶರಣರನ್ನ ಕರೀತೀವಿ. ಕಾಯಕದ ಮಾತು ನಮ್ಮ ಪ್ರತಿ ಫಂಕ್ಷನ್ ಭಾಷಣದಲ್ಲೂ ಬರ್ತದ. ಸ್ಟೇಜಿನಿಂದ ಇಳಿದ ಮೇಲೆ ಗ್ಯಾರೇಜಿನವರ ಕೆಲಸ ನಮಗೆ 'ಜುಗಾಡ್'!

ಗುಜರಿಯಿಂದ ಒಂದು ಎಂಜಿನ್ ತರಿಸೋದು ಡಿಪಾರ್ಟ್‌ಮೆಂಟಿಗೆ ಭಾರ ಆಗಲ್ಲ. ಹೆದ್ದಾರಿ ಪಕ್ಕದ ಒಬ್ಬ ಮಿಸ್ತ್ರಿಯನ್ನ ಒಂದು ದಿನ ಕರೆಸೋಣ. ಶಾಲು ಹೊದಿಸಿ ಕಳಿಸೋದು ಬೇಡ, ಗೆಸ್ಟ್ ಲೆಕ್ಚರರಿಗೆ ಕೊಡೋ ರೇಟೇ ಕೊಡೋಣ. ಪ್ರೊಟ್ರಾಕ್ಟರ್ ನಾವು ತರ್ತೀವಿ. ಅವರು ಕಿವಿಯಿಂದ ಹೇಳಿದ್ದು ಎಷ್ಟು ಡಿಗ್ರಿ ಅಂತ ನಾವು ಅಳೆದು ಬರ್ಕೊಳ್ಳೋಣ. ಈ ಸೆಮಿಸ್ಟರ್ ಲ್ಯಾಬ್ ಮುಗಿಯೋ ಮುಂಚೆ ಎಚ್‌ಒಡಿ ಸರ್‌ಗೆ ಅರ್ಜಿ ಕೊಡ್ತಿದ್ದೀನಿ. ಸಹಿ ಹಾಕೋರು ಕನ್ನಡ ಸಂಘದ ರೂಮಿಗೆ ಬರ್ರಿ.