ಫ್ರೆಂಚ್ ವಿವಿಗೆ ಕಳಿಸುವ ಮೊದಲು ಫ್ರೆಂಚ್ ಕಲಿಸೋಣ

ಪದವಿಯ ಎರಡನೇ ವರ್ಷಕ್ಕೆ ಬಂದ ಮಗ ಅಥವಾ ಮಗಳು ಇರುವ ಮನೆಯಲ್ಲಿ 'ಮುಂದೇನು' ಎಂಬ ಮಾತು ಶುರುವಾಗಿಯೇ ಆಗುತ್ತದೆ. ಹೊರದೇಶ ಎಂದರೆ ನಮ್ಮವರಿಗೆ ಸಾಮಾನ್ಯವಾಗಿ ಗೊತ್ತಿರುವುದು ಎರಡು ದಾರಿ. ಡಿಗ್ರಿ ಮುಗಿಸಿ ಗಲ್ಫಿಗೆ ಕೆಲಸಕ್ಕೆ ಹೋಗುವುದು ಒಂದು. ಚಿನ್ನ ಮಾರಿಯೋ ಜಾಗ ಅಡವಿಟ್ಟೋ ಇಂಗ್ಲೆಂಡ್, ಐರ್ಲೆಂಡ್ ಕಡೆ ಪೂರ್ತಿ ಕೋರ್ಸಿಗೆ ಹೋಗುವುದು ಇನ್ನೊಂದು. ಇವೆರಡರ ನಡುವೆ ಮೂರನೆಯ ಸಣ್ಣ ಬಾಗಿಲೊಂದು ಉಂಟು. ಅದು ವಿದ್ಯಾರ್ಥಿ ವಿನಿಮಯ, ಅಂದರೆ ಎಕ್ಸ್‌ಚೇಂಜ್ ಸೆಮಿಸ್ಟರ್. ಇಲ್ಲಿನ ಕಾಲೇಜಿನ ವಿದ್ಯಾರ್ಥಿಯಾಗಿಯೇ ಇದ್ದುಕೊಂಡು ನಾಲ್ಕೈದು ತಿಂಗಳು ಹೊರದೇಶದ ವಿವಿಯಲ್ಲಿ ಓದಿ, ಅಲ್ಲಿನ ಅಂಕಗಳನ್ನು ಇಲ್ಲಿನ ಡಿಗ್ರಿಗೆ ಸೇರಿಸಿಕೊಂಡು ವಾಪಸ್ ಬರುವುದು. ಎರಡು ವಿವಿಗಳ ನಡುವೆ ಸರಿಯಾದ ವಿನಿಮಯ ಒಪ್ಪಂದ ಇದ್ದರೆ ಬೋಧನಾ ಶುಲ್ಕ ಇಲ್ಲಿಗೆ ಮಾತ್ರ ಕಟ್ಟಿದರೆ ಸಾಕು, ಅಲ್ಲಿಗೆ ಕಟ್ಟಬೇಕಿಲ್ಲ.

ಬೆಂಗಳೂರಿನ ಹಲವು ಕಾಲೇಜು, ವಿವಿಗಳಿಗೆ ಫ್ರಾನ್ಸಿನ ಸಂಸ್ಥೆಗಳ ಜೊತೆ ಇಂಥ ಒಪ್ಪಂದಗಳಿವೆ. ಅಲ್ಲಿ ಓದುತ್ತಿರುವ ನಮ್ಮ ಮಕ್ಕಳು ಕಡಿಮೆಯೇನಲ್ಲ. ಹಾಗಾಗಿ ಈ ವಾರ ಫ್ರೆಂಚ್ ಭಾಷೆಯ ವಿವಿಗೆ ವಿನಿಮಯಕ್ಕೆ ಹೋಗುವ ವಿಷಯವನ್ನೇ ಎತ್ತಿಕೊಂಡಿದ್ದೇವೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಅವಕಾಶ ಸಿಕ್ಕಿದರೆ ಹೋಗಲಿ, ಹುಡುಗಿಯರೂ ಹೋಗಲಿ. ಆದರೆ ಫ್ರೆಂಚ್ ಕಲಿಯದೆ ಹೋಗುವುದು ಬೇಡ.

'ಅಲ್ಲಿ ಇಂಗ್ಲಿಷಿನಲ್ಲಿ ಪಾಠ ಇದೆಯಂತಲ್ಲ' ಎಂದು ಕೇಳುವವರಿದ್ದಾರೆ. ಇದೆ. ಬಿಸಿನೆಸ್ ಸ್ಕೂಲುಗಳಲ್ಲಿ, ಕೆಲವು ಇಂಜಿನಿಯರಿಂಗ್ ಸಂಸ್ಥೆಗಳಲ್ಲಿ, ಮಾಸ್ಟರ್ಸ್ ಮಟ್ಟದಲ್ಲಿ ಇದೆ. ಆದರೆ ಫ್ರಾನ್ಸಿನ ಸರಕಾರಿ ವಿವಿಗಳಲ್ಲಿ ಪದವಿ ತರಗತಿಗಳು ನಡೆಯುವುದು ಹೆಚ್ಚಾಗಿ ಫ್ರೆಂಚಿನಲ್ಲೇ. ಇಂಗ್ಲಿಷ್ ಕೋರ್ಸು ಹಿಡಿದು ಹೋದವರ ಸುತ್ತ ಇರುವವರೆಲ್ಲ ಅವರಂತೆಯೇ ಹೊರಗಿನಿಂದ ಬಂದವರು. ಹಾಸ್ಟೆಲಿನಲ್ಲಿ ಒಟ್ಟಿಗೆ ಅಡುಗೆ ಮಾಡಿ, ವಾರದ ಕೊನೆಗೆ ಒಟ್ಟಿಗೆ ತಿರುಗಿ, ಐಫೆಲ್ ಟವರಿನ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಅದು ತಪ್ಪು ಅಂತಲ್ಲ. ಆದರೆ ಅಷ್ಟಕ್ಕೆ ಮೂರ್ನಾಲ್ಕು ಲಕ್ಷ ಖರ್ಚು ಮಾಡಬೇಕಾ ಎಂಬುದು ನಮ್ಮ ಪ್ರಶ್ನೆ.

ಭಾಷೆ ಎಂದರೆ ಬ್ಯಾರಿಗಳಿಗೆ ಹೆದರಿಕೆ ಇರಬಾರದು ಮಾರಾಯ್ರೆ. ಮನೆಯಲ್ಲಿ ಬ್ಯಾರಿ, ಮಾರ್ಕೆಟಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಮದ್ರಸದಲ್ಲಿ ಅರಬಿ ಅಕ್ಷರ, ಕಾಸರಗೋಡಿನ ಸಂಬಂಧಿಕರ ಜೊತೆ ಮಲಯಾಳಂ. ಹತ್ತು ವರ್ಷದ ಮಗು ದಿನಕ್ಕೆ ನಾಲ್ಕು ಭಾಷೆ ಬದಲಾಯಿಸುತ್ತದೆ, ಯಾರೂ ಅದನ್ನು ದೊಡ್ಡ ವಿಷಯ ಅಂದುಕೊಳ್ಳುವುದಿಲ್ಲ. ಗಲ್ಫಿಗೆ ಹೋದ ನಮ್ಮ ಹಿರಿಯರು ಯಾವ ಕ್ಲಾಸಿಗೂ ಹೋಗದೆ ಅಂಗಡಿಯಲ್ಲಿ ನಿಂತೇ ಅರಬಿ ಮಾತು ಕಲಿತರು.

ಆದರೆ ಕಿವಿಯಿಂದ ಕಲಿತ ಮಾತು ಅಂಗಡಿಗೆ ಸಾಕು, ವಿವಿಗೆ ಸಾಲದು. ಫ್ರಾನ್ಸಿನಲ್ಲಿ ಪಾಠ ಎರಡು ಬಗೆ. ದೊಡ್ಡ ಸಭಾಂಗಣದಲ್ಲಿ ನೂರಾರು ಮಂದಿಗೆ ಪ್ರೊಫೆಸರ್ ಎರಡು ಗಂಟೆ ನಿಲ್ಲಿಸದೆ ಮಾತಾಡುವುದು ಒಂದು. ಅಲ್ಲಿ ಎಷ್ಟೋ ವಿಷಯಗಳಿಗೆ ಇಂಥದ್ದೇ ಪಠ್ಯಪುಸ್ತಕ ಅಂತ ಇರುವುದಿಲ್ಲ, ಬರೆದುಕೊಂಡ ನೋಟ್ಸೇ ಗತಿ. ಇನ್ನೊಂದು ಸಣ್ಣ ಗುಂಪಿನ 'ತೆದೆ' ತರಗತಿ. ಅಲ್ಲಿ ಹಾಜರಿ ಕಡ್ಡಾಯ, ಬಾಯಿ ಬಿಡಬೇಕು, ಎದ್ದು ನಿಂತು ವಿಷಯ ಮಂಡಿಸಬೇಕು. ಪರೀಕ್ಷೆಗೆ ಬಂದರೆ ಮೂರು ಗಂಟೆಯಲ್ಲಿ ಒಂದೇ ಪ್ರಶ್ನೆಗೆ 'ದಿಸೆರ್ತಾಸಿಯೋಂ' ಎಂಬ ಉದ್ದದ ಪ್ರಬಂಧ ಬರೆಯಬೇಕಾದೀತು. ಪಾಯಿಂಟ್ ಒಂದು, ಪಾಯಿಂಟ್ ಎರಡು ಎಂದು ಬರೆದು ಅಭ್ಯಾಸವಾದ ನಮ್ಮ ಮಕ್ಕಳಿಗೆ ಇದು ಹೊಸತು. ಮೊದಲು ಸಮಸ್ಯೆ ಏನೆಂದು ಹೇಳಿ, ಎರಡು ಅಥವಾ ಮೂರು ಭಾಗ ಮಾಡಿ, ವಾದ ಕಟ್ಟಿಕೊಂಡು ಹೋಗಬೇಕು.

ಅಂಕಗಳ ಲೆಕ್ಕವೂ ಮನೆಯವರಿಗೆ ಮೊದಲೇ ಗೊತ್ತಿರಲಿ. ಅಲ್ಲಿ 20ಕ್ಕೆ ಅಂಕ, 10 ಬಂದರೆ ಪಾಸು. 14 ಬಂದರೆ 'ಬಿಯಾಂ', ಅಂದರೆ ಚೆನ್ನಾಗಿದೆ. 16 ಬಂದರೆ ಬಹಳ ಚೆನ್ನಾಗಿದೆ. 18 ಎಂಬುದು ಅಪರೂಪ. ಇಲ್ಲಿ ಶೇ. 85 ತೆಗೆಯುತ್ತಿದ್ದ ಮಗಳು ಅಲ್ಲಿಂದ 12 ಬಂತು ಎಂದು ಫೋನ್ ಮಾಡಿದರೆ ಉಮ್ಮ ಬಾಪ ಗಾಬರಿಯಾಗಬೇಕಿಲ್ಲ.

ಫ್ರೆಂಚ್ ಮಾಧ್ಯಮದ ತರಗತಿಗೆ ಹೆಚ್ಚಿನ ವಿವಿಗಳು ಕೇಳುವುದು ಬಿ1 ಅಥವಾ ಬಿ2 ಮಟ್ಟ. ಸೊನ್ನೆಯಿಂದ ಬಿ2ಕ್ಕೆ ತಲುಪಲು ಸುಮಾರು 500ರಿಂದ 600 ಗಂಟೆಯ ಪಾಠ ಬೇಕು ಎಂಬುದು ರೂಢಿಯ ಲೆಕ್ಕ. ವಾರಕ್ಕೆ 5 ಗಂಟೆ ಕೂತರೂ ಎರಡು ವರ್ಷ ದಾಟುತ್ತದೆ. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಮೂರು ತಿಂಗಳ ಕ್ರ್ಯಾಶ್ ಕೋರ್ಸು ಹುಡುಕಿದರೆ ಆಗುವ ಕೆಲಸವಲ್ಲ ಇದು. ಪಿಯುಸಿಯಲ್ಲಿ ಫ್ರೆಂಚನ್ನು ಎರಡನೇ ಭಾಷೆಯಾಗಿ ತೆಗೆದುಕೊಳ್ಳುವ ಮಕ್ಕಳು ಇದ್ದಾರೆ. ಆದರೆ ಅಂಕ ಸುಲಭವಾಗಿ ಬರುತ್ತದೆ ಎಂದೇ ತೆಗೆದುಕೊಳ್ಳುವುದು, ಪರೀಕ್ಷೆ ಮುಗಿದ ದಿನ ಪುಸ್ತಕ ಮುಚ್ಚುವುದು. ಆ ಪುಸ್ತಕ ಮುಚ್ಚದೆ ಮುಂದುವರಿಸಿದರೆ ಅರ್ಧ ದಾರಿ ಅಲ್ಲೇ ಆಯಿತು. ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ತರಗತಿ ಇದೆ, ಊರಲ್ಲೇ ಕೂತು ಆನ್‌ಲೈನಿನಲ್ಲೂ ಕಲಿಯಬಹುದು. 'ಡೆಲ್ಫ್' ಪರೀಕ್ಷೆ ಪಾಸು ಮಾಡಿದರೆ ಆ ಸರ್ಟಿಫಿಕೇಟಿಗೆ ಅವಧಿ ಮುಗಿಯುವುದೆಂಬುದು ಇಲ್ಲ.

ಫ್ರೆಂಚರು ನಮಗೆ ತೀರಾ ದೂರದವರೂ ಅಲ್ಲ. ಮಂಗಳೂರಿನಿಂದ ರೈಲಿನಲ್ಲಿ ಮೂರ್ನಾಲ್ಕು ಗಂಟೆ ದೂರದ ಮಾಹೆ 1954ರವರೆಗೆ ಅವರ ಕೈಯಲ್ಲೇ ಇತ್ತು. ಟಿಪ್ಪು ಸುಲ್ತಾನರ ಮೂವರು ರಾಯಭಾರಿಗಳು 1788ರಲ್ಲಿ ತೂಲೋನ್ ಬಂದರಿನಲ್ಲಿ ಇಳಿದು, ವರ್ಸೈ ಅರಮನೆಯಲ್ಲಿ ದೊರೆ 16ನೇ ಲೂಯಿಯನ್ನು ಕಂಡರು. ಕೇಳಿದ ಸೈನ್ಯದ ಸಹಾಯ ಸಿಗಲಿಲ್ಲ ಎಂಬುದು ಬೇರೆ ಕಥೆ. ಅವರ ಜೊತೆ ದುಭಾಷಿಗಳಿದ್ದರು. ನಮ್ಮ ಮಗಳ ಜೊತೆ ತರಗತಿಗೆ ಯಾವ ದುಭಾಷಿಯೂ ಹೋಗುವುದಿಲ್ಲ.

ಇನ್ನು ಮನೆಯ ಹೆಂಗಸರು ಕೇಳುವ ಪ್ರಶ್ನೆ, 'ಅಲ್ಲಿ ಸ್ಕಾರ್ಫ್ ಹಾಕಲು ಬಿಡುತ್ತಾರಾ?' 2022ರಲ್ಲಿ ಉಡುಪಿಯಿಂದ ಶುರುವಾದದ್ದನ್ನೆಲ್ಲ ನೋಡಿದ ಮೇಲೆ ಈ ಪ್ರಶ್ನೆ ಕೇಳುವವರನ್ನು ದೂರುವಂತಿಲ್ಲ. ಉತ್ತರ ಸ್ಪಷ್ಟವಾಗಿ ತಿಳಿದಿರಲಿ. ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿದ ಫ್ರಾನ್ಸಿನ 2004ರ ಕಾನೂನು ಸರಕಾರಿ ಶಾಲೆ ಮತ್ತು ಹೈಸ್ಕೂಲುಗಳಿಗೆ ಅನ್ವಯ, ವಿವಿಗಳಿಗೆ ಅಲ್ಲ. ವಿವಿಯಲ್ಲಿ ವಿದ್ಯಾರ್ಥಿನಿ ತಲೆವಸ್ತ್ರ ಧರಿಸಿ ತರಗತಿಗೆ ಹೋಗಬಹುದು. ಮುಖ ಪೂರ್ತಿ ಮುಚ್ಚುವುದು ಮಾತ್ರ 2011ರಿಂದ ಸಾರ್ವಜನಿಕ ಸ್ಥಳಗಳಲ್ಲೆಲ್ಲ ನಿಷಿದ್ಧ. ಸರಕಾರಿ ಆಸ್ಪತ್ರೆ, ಕಚೇರಿಗಳ ಸಿಬ್ಬಂದಿಗೆ ನಿಯಮ ಬೇರೆ, ಅಲ್ಲಿ ಧಾರ್ಮಿಕ ಚಿಹ್ನೆ ಧರಿಸುವಂತಿಲ್ಲ. ಹಾಗಾಗಿ ವಿನಿಮಯದ ಜೊತೆ ಇಂಟರ್ನ್‌ಶಿಪ್ ಇದ್ದರೆ ಮೊದಲೇ ಬರೆದು ಕೇಳುವುದು ಒಳ್ಳೆಯದು. ಬೆಲ್ಜಿಯಂ, ಕ್ವಿಬೆಕ್, ಸ್ವಿಟ್ಜರ್ಲೆಂಡಿನಲ್ಲೂ ಫ್ರೆಂಚ್ ವಿವಿಗಳಿವೆ. ಆದರೆ ಅಲ್ಲಿನ ನಿಯಮ ಅಲ್ಲಿಯದ್ದು, ಬೇರೆಯಾಗಿಯೇ ವಿಚಾರಿಸಬೇಕು. ಕಾನೂನು ಬಿಟ್ಟಿದೆ ಎಂದ ಮಾತ್ರಕ್ಕೆ ಬಸ್ಸಿನಲ್ಲಿ, ಬೀದಿಯಲ್ಲಿ ಯಾರೂ ದುರುಗುಟ್ಟಿ ನೋಡುವುದಿಲ್ಲ ಎಂದು ನಾವು ಹೇಳುವುದಿಲ್ಲ. ಅಂಥ ಹೊತ್ತಲ್ಲಿ ನೆಟ್ಟಗೆ ಎರಡು ವಾಕ್ಯ ಉತ್ತರ ಕೊಡಲು ಬರುವ ಹುಡುಗಿಗೂ ಬಾರದ ಹುಡುಗಿಗೂ ವ್ಯತ್ಯಾಸ ಇದೆ.

ನಮಾಝಿಗೆ ವಿವಿಯೊಳಗೆ ಕೋಣೆ ಸಿಗುತ್ತದೆ ಎಂದು ನಿರೀಕ್ಷಿಸಬಾರದು. ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿ ಸಂಜೆ 5ಕ್ಕೆ ಮೊದಲೇ ಮಗ್ರಿಬ್ ಆಗುತ್ತದೆ. ಮಧ್ಯಾಹ್ನದ ಒಂದು ಉದ್ದದ ತರಗತಿಯೊಳಗೆ ಅಸರ್ ಹೊತ್ತು ಬಂದು ಹೋಗಬಹುದು. ಕೋಣೆ ಹತ್ತಿರ ಹುಡುಕುವುದೋ, ವೇಳಾಪಟ್ಟಿ ನೋಡಿ ವಿಷಯ ಆರಿಸುವುದೋ, ಅವರವರು ಮೊದಲೇ ಯೋಚಿಸಬೇಕು. ರಮಝಾನ್ ಮಾತ್ರ ಮುಂದಿನ ಕೆಲವು ವರ್ಷ ಚಳಿಗಾಲದಲ್ಲೇ ಬರುವುದರಿಂದ ಅಲ್ಲಿ ಉಪವಾಸದ ಹೊತ್ತು ನಮ್ಮೂರಿಗಿಂತ ಉದ್ದವೇನಿಲ್ಲ. ಊಟಕ್ಕೆ 'ಕ್ರೂಸ್' ಎಂಬ ಸರಕಾರಿ ಸಂಸ್ಥೆಯ ಕ್ಯಾಂಟೀನುಗಳು ಅಗ್ಗ. ಹಲಾಲ್ ಮಾಂಸ ಅಲ್ಲಿ ಸಿಗದಿದ್ದರೂ ಮೀನು, ತರಕಾರಿ ಇರುತ್ತದೆ. ಹಲಾಲ್ ಅಂಗಡಿಗಳು ದೊಡ್ಡ ಊರುಗಳಲ್ಲೆಲ್ಲ ಇವೆ, ಹೆಚ್ಚಿನವು ಮೊರಾಕ್ಕೊ, ಅಲ್ಜೀರಿಯಾ, ಟ್ಯುನೀಸಿಯಾ ಮೂಲದವರವು.

ಫ್ರಾನ್ಸಿಗೆ ಓದಲು ಬರುವ ವಿದೇಶಿಯರಲ್ಲಿ ಮೊರಾಕ್ಕೊ, ಅಲ್ಜೀರಿಯಾದವರು ಮುಂಚೂಣಿಯಲ್ಲಿದ್ದಾರೆ. ಅಂದರೆ ಜುಮಾದ ಸಫ್ಫಿನಲ್ಲಿ, ಈದ್ ದಿನ ಊಟಕ್ಕೆ ಕರೆಯುವವರಲ್ಲಿ ಅವರೇ ಹೆಚ್ಚು. ನಮ್ಮವರು ಗಲ್ಫಿನಲ್ಲಿ ಕಲಿತ ಅರಬಿ ಅವರ ಆಡುಮಾತಿಗೆ ಹೊಂದುವುದು ಕಷ್ಟ. ಅವರಿಗೂ ನಮಗೂ ನಡುವೆ ಇರುವ ಭಾಷೆ ಫ್ರೆಂಚ್. ಪ್ಯಾರಿಸಿನ ದೊಡ್ಡ ಮಸೀದಿ 1926ರಲ್ಲಿ ಕಟ್ಟಿದ್ದು, ಸೊರ್ಬೋನ್ ವಿವಿಯ ಜುಸಿಯೋ ಕ್ಯಾಂಪಸಿನಿಂದ ನಡೆದು ಹೋಗುವಷ್ಟು ದೂರ. ಅಲ್ಲಿನ ಬಾಗಿಲಲ್ಲಿ ದಾರಿ ಕೇಳಲಿಕ್ಕೂ ಅದೇ ಭಾಷೆ ಬೇಕು.

ಖರ್ಚಿನ ಬಗ್ಗೆ ಎರಡು ಮಾತು. 90 ದಿನಕ್ಕಿಂತ ಹೆಚ್ಚು ಇರುವವರಿಗೆ ದೀರ್ಘಾವಧಿ ವೀಸಾ ಬೇಕು. ತಿಂಗಳಿಗೆ 615 ಯುರೋ ಕೈಯಲ್ಲಿದೆ ಎಂದು ತೋರಿಸುವ ಲೆಕ್ಕ ವರ್ಷಗಳಿಂದ ಬಳಕೆಯಲ್ಲಿದೆ. ಪ್ಯಾರಿಸಿನಲ್ಲಿ ಅಷ್ಟರಲ್ಲಿ ಬದುಕುವುದು ಕಷ್ಟ, ಸಣ್ಣ ಊರುಗಳಲ್ಲಿ ಸಾಧ್ಯ. ಹೋದ ಮೂರು ತಿಂಗಳೊಳಗೆ ವೀಸಾವನ್ನು ಆನ್‌ಲೈನಿನಲ್ಲಿ ದೃಢೀಕರಿಸದಿದ್ದರೆ ಮುಂದೆ ಕಷ್ಟವಾಗುತ್ತದೆ. ಪಾರ್ಟ್‌ಟೈಮ್ ಕೆಲಸ ನಂಬಿಕೊಂಡು ಹೋಗುವ ಯೋಚನೆ ಒಂದೇ ಸೆಮಿಸ್ಟರಿಗೆ ಬೇಡವೇ ಬೇಡ.

ನಮ್ಮ ಜಮಾಅತ್‌ಗಳು, ಅನಿವಾಸಿ ಸಂಘಟನೆಗಳು ಪ್ರತಿವರ್ಷ ವೈದ್ಯಕೀಯ, ಇಂಜಿನಿಯರಿಂಗ್ ಶುಲ್ಕಕ್ಕೆ ನೆರವು ಕೊಡುತ್ತಿವೆ. ಅದರಲ್ಲಿ ಒಂದು ಸಣ್ಣ ಪಾಲನ್ನು ಭಾಷಾ ತರಗತಿಯ ಫೀಸಿಗೆ ಮೀಸಲಿಡಬಹುದಲ್ಲ? ಎರಡು ವರ್ಷದ ಫ್ರೆಂಚ್ ತರಗತಿಗೆ ಆಗುವುದು ಮೆಡಿಕಲ್ ಸೀಟಿನ ಮುಂದೆ ಚಿಲ್ಲರೆ ಹಣ. ವಿನಿಮಯಕ್ಕೆ ಆಯ್ಕೆಯಾದವರಿಗೆ ಟಿಕೆಟ್ ಕೊಟ್ಟು ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಎರಡು ವರ್ಷ ಮೊದಲೇ ಈ ನೆರವು ಸಿಕ್ಕರೆ ಆಯ್ಕೆಯಾಗುವವರ ಸಂಖ್ಯೆಯೇ ಹೆಚ್ಚಾದೀತು.

ಒಂದು ಎಚ್ಚರಿಕೆಯೂ ಇರಲಿ. 'ಎಕ್ಸ್‌ಚೇಂಜ್' ಎಂದು ಹೇಳಿ ಪೂರ್ತಿ ಶುಲ್ಕದ ಬೇಸಿಗೆ ಕೋರ್ಸು ಮಾರುವ ಏಜೆಂಟರು ಇದ್ದಾರೆ. ಕಾಲೇಜಿನ ಅಂತಾರಾಷ್ಟ್ರೀಯ ವಿಭಾಗಕ್ಕೇ ನೇರ ಹೋಗಿ ಕೇಳಿ: ಒಪ್ಪಂದದಲ್ಲಿ ಅಲ್ಲಿನ ಶುಲ್ಕ ಮನ್ನಾ ಎಂದು ಬರೆದಿದೆಯೇ? ಅಲ್ಲಿ ಓದುವ ವಿಷಯಗಳ ಪಟ್ಟಿಗೆ, ಅಂದರೆ ಲರ್ನಿಂಗ್ ಅಗ್ರಿಮೆಂಟಿಗೆ, ಹೊರಡುವ ಮೊದಲೇ ಎರಡೂ ಕಡೆಯವರು ಸಹಿ ಹಾಕುತ್ತಾರೆಯೇ? ಅಲ್ಲಿನ ಪೂರ್ತಿ ಸೆಮಿಸ್ಟರ್ ಎಂದರೆ 30 ಕ್ರೆಡಿಟ್, ಅದನ್ನು ಇಲ್ಲಿ ಎಷ್ಟೆಂದು ಲೆಕ್ಕ ಹಿಡಿಯುತ್ತಾರೆ? ಸಹಿ ಇಲ್ಲದೆ ಹೋದರೆ ವಾಪಸ್ ಬಂದ ಮೇಲೆ ಅದೇ ಸೆಮಿಸ್ಟರನ್ನು ಇನ್ನೊಮ್ಮೆ ಓದಬೇಕಾದೀತು. ಸೆಪ್ಟಂಬರಿಗೆ ಹೊರಡುವವರ ಹೆಸರು ಸಾಮಾನ್ಯವಾಗಿ ಆ ವರ್ಷದ ಬೇಸಿಗೆಗೆ ಮೊದಲೇ ಅಲ್ಲಿಗೆ ಹೋಗಿರುತ್ತದೆ. ಹಾಗಾಗಿ ಈಗ ಪಿಯುಸಿಯಲ್ಲಿರುವ ಮಗಳ ಫ್ರೆಂಚ್ ಕ್ಲಾಸಿನ ಬಗ್ಗೆ ಮನೆಯಲ್ಲಿ ಮಾತಾಡಬೇಕಾದದ್ದು ಈ ರಜೆಯಲ್ಲೇ.