ತಂದೆಯ ಕುಲ, ತನ್ನ ಕರ್ಮ

ಬೀದರ್ ತಾಲ್ಲೂಕಿನ ಕಮಠಾಣದಲ್ಲಿ ಭಗವಾನ್ ಪಾರ್ಶ್ವನಾಥರ ಪ್ರಾಚೀನ ಬಸದಿಯಿದೆ. ಊರ ಹೆಸರಿನ ಮೂಲ ಏನೇ ಇರಲಿ, ಅದನ್ನು ಕೇಳಿದ ಶ್ರಾವಕನಿಗೆ ಪುರಾಣದ ಕಮಠನ ನೆನಪಾಗುವುದು ಸಹಜ. ಪೋದನಪುರದ ಅರಸ ಅರವಿಂದನ ಪುರೋಹಿತ ವಿಶ್ವಭೂತಿಗೆ ಇಬ್ಬರು ಮಕ್ಕಳು. ಹಿರಿಯವನು ಕಮಠ, ಕಿರಿಯವನು ಮರುಭೂತಿ. ದುರಾಚಾರಕ್ಕಾಗಿ ನಾಡಿನಿಂದ ಹೊರಹಾಕಲ್ಪಟ್ಟ ಅಣ್ಣನನ್ನು ಕಂಡು ಸಮಾಧಾನಪಡಿಸಲು ತಮ್ಮ ಹೋದನು. ಕಮಠನು ಬಾಗಿದ ಆ ತಲೆಯ ಮೇಲೆಯೇ ಬಂಡೆಯನ್ನು ಕೆಡವಿದನು. ಮರುಭೂತಿಯ ಜೀವ ಭವಭವಗಳಲ್ಲಿ ಕ್ಷಮೆಯ ಮೆಟ್ಟಿಲೇರುತ್ತ 23ನೆಯ ತೀರ್ಥಂಕರನಾಯಿತು. ಕಮಠನ ಜೀವ ಉಪಸರ್ಗ ಮಾಡುವ ವೈರಿಯಾಗಿ ಬೆನ್ನಟ್ಟುತ್ತಲೇ ಉಳಿಯಿತು. ಇಬ್ಬರಿಗೂ ತಂದೆ ಒಬ್ಬನೇ. ಹರಿದ ರಕ್ತವೂ ಒಂದೇ.

ಈ ಕಥೆಯನ್ನು ಇಂದು ಮತ್ತೆ ನೆನೆಯಲು ಕಾರಣವಿದೆ. ತಮ್ಮ ವಂಶದ ಮೂಲ ಎಲ್ಲಿಯದೆಂದು ಅರಿಯಲು ಅನೇಕರು ಈಗ ಡಿ.ಎನ್.ಎ. ಪರೀಕ್ಷೆಯ ಮೊರೆ ಹೋಗುತ್ತಿದ್ದಾರೆ. ತುಸು ಎಂಜಲನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಸಾಕು. ಮನುಷ್ಯನ ಜೀವಕೋಶದಲ್ಲಿರುವ 46 ವರ್ಣತಂತುಗಳಲ್ಲಿ ‘ವೈ’ ಎಂಬುದು ತಂದೆಯಿಂದ ಮಗನಿಗೆ ಮಾತ್ರ ಸಾಗುತ್ತದೆ. ತಲೆಮಾರುಗಳು ಉರುಳಿದರೂ ಅದರ ಬಹುಭಾಗ ಹೆಚ್ಚು ಬದಲಾಗದು. ಅಪರೂಪಕ್ಕೆ ಆಗುವ ಸಣ್ಣ ಬದಲಾವಣೆಗಳನ್ನು ಗುರುತಿಸಿ, ವಂಶವೃಕ್ಷದ ಯಾವ ಕೊಂಬೆ ಎಲ್ಲಿ ಕವಲೊಡೆಯಿತೆಂದು ವಿಜ್ಞಾನಿಗಳು ಹೇಳಬಲ್ಲರು. ಹೆಣ್ಣುಮಕ್ಕಳಿಗೆ ಈ ತಂತು ಬರುವುದಿಲ್ಲವಾದ್ದರಿಂದ, ಅವರು ತವರಿನ ಪಿತೃಮೂಲವನ್ನು ತಿಳಿಯಲು ತಂದೆಯನ್ನೋ ಸಹೋದರನನ್ನೋ ಅವಲಂಬಿಸಬೇಕಾಗುತ್ತದೆ.

ಈ ವಿದ್ಯೆಯನ್ನು ಹಗುರವಾಗಿ ಕಾಣಲಾಗದು. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನವು ಕರ್ನಾಟಕ ಮತ್ತು ಗುಜರಾತಿನ ಸಿದ್ದಿ ಜನರ ಆಫ್ರಿಕಾ ಮೂಲವನ್ನೂ, ಈ ನೆಲದ ಜನರೊಡನೆ ಅವರು ಬೆರೆತ ಬಗೆಯನ್ನೂ ತೋರಿಸಿತು. ಬರೆದಿಟ್ಟ ವಂಶಾವಳಿಯಿಲ್ಲದ ಜನರಿಗೆ ದೇಹವೇ ಶಾಸನವಾಯಿತು. ಅರಿಯುವ ಹಂಬಲವನ್ನು ಜಿನಧರ್ಮ ಎಂದೂ ನಿಂದಿಸಿಲ್ಲ.

ಆದರೆ ಶಾಸನದಲ್ಲಿ ಎಷ್ಟು ಬರೆದಿದೆಯೋ ಅಷ್ಟನ್ನೇ ಓದಬೇಕು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬ ವ್ಯಕ್ತಿಯ ಪೂರ್ವಜರ ಸ್ಥಾನಗಳು 1,024 ಆಗುತ್ತವೆ. ಅವುಗಳಲ್ಲಿ ತಂದೆಯ ತಂದೆಯ ತಂದೆ ಎಂಬ ನೇರ ಸಾಲಿಗೆ ಸೇರುವುದು ಒಂದೇ ಸ್ಥಾನ. ಉಳಿದ 1,023ರ ಬಗ್ಗೆ ‘ವೈ’ ತಂತು ಏನೂ ಹೇಳದು.

ಆದಿಕವಿ ಪಂಪನ ವಂಶವನ್ನೇ ನೋಡಬಹುದು. ಮಾಧವ ಸೋಮಯಾಜಿ, ಅಭಿಮಾನಚಂದ್ರ, ಕೊಮರಯ್ಯ, ಅಭಿರಾಮದೇವರಾಯ, ಬಳಿಕ ತಾನು ಎಂದು ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ಪಿತೃಪರಂಪರೆಯನ್ನು ಹೇಳಿಕೊಂಡಿದ್ದಾನೆ. ಮುತ್ತಜ್ಜನ ತಂದೆ ಯಜ್ಞ ಮಾಡಿದ ಸೋಮಯಾಜಿ. ತಂದೆ ಜಿನಧರ್ಮವನ್ನು ಒಪ್ಪಿದವನು. ಮಗ ‘ಆದಿಪುರಾಣ’ವನ್ನು ರಚಿಸಿದವನು. ಇವರಲ್ಲಿ ಹರಿದ ತಂತು ಒಂದೇ ಆಗಿದ್ದರೂ ನಡುವೆ ಬದಲಾದದ್ದು ದರ್ಶನ. ಆ ಬದಲಾವಣೆಯನ್ನು ಯಾವ ಪ್ರಯೋಗಾಲಯವೂ ಕಾಣಿಸಲಾರದು. ಇನ್ನು ಪಂಪನ ತಮ್ಮ ಜಿನವಲ್ಲಭನು ತೆಲಂಗಾಣದ ಕುರ್ಕ್ಯಾಲದಲ್ಲಿ ಬರೆಯಿಸಿದ ಶಾಸನವು ತಾಯಿ ಅಬ್ಬಣಬ್ಬೆಯನ್ನೂ, ಆಕೆಯ ಅಣ್ಣಿಗೇರಿಯ ಮನೆತನವನ್ನೂ ಸ್ಮರಿಸುತ್ತದೆ. ಪಿತೃಮೂಲದ ಪರೀಕ್ಷೆಯೊಂದನ್ನೇ ನಂಬಿದ್ದರೆ ತಾಯಿಯ ಅಣ್ಣಿಗೇರಿ ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ಜೈನಾಚಾರ್ಯರು ತಂದೆಯ ವಂಶವನ್ನು ಕುಲವೆಂದೂ ತಾಯಿಯ ವಂಶವನ್ನು ಜಾತಿಯೆಂದೂ ಕರೆದರು. ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳೆರಡೂ ಸೇರಿವೆ. ಇವು ಸಮ್ಯಗ್ದರ್ಶನವನ್ನೇ ಮಲಿನಗೊಳಿಸುವ ದೋಷಗಳು. ಪರೀಕ್ಷೆಯ ವರದಿಯನ್ನು ಹಿಡಿದು ‘ನಮ್ಮದು ಶುದ್ಧ ಮೂಲ’ ಎಂದು ಬೀಗುವವನು ಹಳೆಯ ಮದಕ್ಕೆ ಹೊಸ ಪ್ರಮಾಣಪತ್ರ ಪಡೆದನೇ ಹೊರತು ಬೇರೇನನ್ನೂ ಗಳಿಸಲಿಲ್ಲ. ನಿರೀಕ್ಷಿಸದ ಮೂಲ ಕಂಡು ಕುಗ್ಗುವವನೂ ಅದೇ ಬಲೆಗೆ ಬಿದ್ದವನೇ.

ಇನ್ನೊಂದು ಎಚ್ಚರವೂ ಬೇಕು. ಬಂಧುಗಳ ವರದಿಗಳನ್ನು ಹೋಲಿಸಿದಾಗ ಮನೆಯವರು ಮುಚ್ಚಿಟ್ಟ ಸಂಗತಿ ಬಯಲಾಗಬಹುದು. ಎತ್ತಿ ಆಡಿಸಿ, ಓದಿಸಿ, ಮದುವೆ ಮಾಡಿಸಿದ ತಂದೆ ಹೆತ್ತ ತಂದೆಯಲ್ಲವೆಂದು ತಿಳಿಯಬಹುದು. ಆಗ ಆ ಸಾಕಿದ ಕೈಗಳ ಋಣ ಒಂದು ಕಾಗದದಿಂದ ತೀರಿಹೋಗುವುದೇ? ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡದಿರುವುದು ಸತ್ಯಾಣುವ್ರತದ ಅಂಗ. ಆದ್ದರಿಂದ ಪರೀಕ್ಷೆಗೆ ಮೊದಲೇ ಮನೆಯವರೊಡನೆ ಮಾತನಾಡುವುದು, ಬಂದ ಫಲಿತಾಂಶವನ್ನು ಊರಿಗೆಲ್ಲ ಸಾರದಿರುವುದು, ಅದರಿಂದ ಯಾರ ಮನಸ್ಸೂ ನೋಯದಂತೆ ನಡೆದುಕೊಳ್ಳುವುದು ಶ್ರಾವಕನಿಗೆ ಒಪ್ಪುವ ಅಹಿಂಸೆ. ಒಬ್ಬನ ವರದಿಯಲ್ಲಿ ಅವನ ಅಣ್ಣತಮ್ಮಂದಿರ ಗುಟ್ಟೂ ಅಡಗಿರುತ್ತದೆ.

ಕುಂಬಾರನು ಚಿಕ್ಕ ದೊಡ್ಡ ಮಡಕೆಗಳನ್ನು ಮಾಡುವಂತೆ ಗೋತ್ರಕರ್ಮವು ಉಚ್ಚ ನೀಚ ಜನ್ಮಗಳನ್ನು ಕೊಡುತ್ತದೆಂದು ಶಾಸ್ತ್ರ ಹೇಳುತ್ತದೆ. ಅದೂ ಒಂದು ಕರ್ಮವೇ, ಕಳಚಬೇಕಾದ ಬಂಧನವೇ. ಅದು ಕ್ಷಯವಾದಾಗ ಸಿದ್ಧಾತ್ಮನಲ್ಲಿ ಪ್ರಕಟವಾಗುವ ಗುಣದ ಹೆಸರು ಅಗುರುಲಘು: ಅಲ್ಲಿ ಮೇಲೆಂಬುದಿಲ್ಲ, ಕೀಳೆಂಬುದಿಲ್ಲ. ಕಮಠಾಣದ ಪಾರ್ಶ್ವನಾಥರ ಮುಂದೆ ಕೈಮುಗಿದು ನಿಲ್ಲುವ ಭಕ್ತನು ಯಾರ ಮಗನೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಒಂದೇ ಮನೆಯಲ್ಲಿ ಹುಟ್ಟಿದ ಇಬ್ಬರಲ್ಲಿ ತಾನು ಯಾರ ಹಾದಿಯಲ್ಲಿದ್ದೇನೆ, ಬಂಡೆ ಕೆಡವಿದವನದೋ ಕ್ಷಮಿಸಿದವನದೋ ಎಂಬುದನ್ನು ಅವನೇ ತನ್ನೊಳಗೆ ಪರೀಕ್ಷಿಸಿಕೊಳ್ಳಬೇಕು.